ಸೋಫಿ ಬ್ಲಾಂಶಾರ್‌ಳ ಬುಟ್ಟಿಯಲ್ಲಿ ನಿಂತು

ಸೋಫಿ ಬ್ಲಾಂಶಾರ್ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಅವಳ ಸಾವು. 1819ರ ಜುಲೈ 6ರ ರಾತ್ರಿ ಪ್ಯಾರಿಸ್‌ನಲ್ಲಿ ಬಲೂನಿಗೆ ಬೆಂಕಿ ಹತ್ತಿ ಬಿದ್ದವಳು, ಹಾರಾಟದ ಅಪಘಾತದಲ್ಲಿ ಸತ್ತ ಮೊದಲ ಹೆಂಗಸು ಅಂತ. ಅವಳ ಮೇಲೆ ಏಕವ್ಯಕ್ತಿ ನಾಟಕ ಕಟ್ಟಲು ಕೂತಾಗ ಒಂದು ತೀರ್ಮಾನ ಮಾಡಿಕೊಂಡೆ. ಆ ರಾತ್ರಿಗೆ ನಾಟಕದ ಕೊನೆಯ ತುಣುಕು ಮಾತ್ರ ಸಾಕು. ಉಳಿದದ್ದೆಲ್ಲ ಅವಳ ಕೆಲಸಕ್ಕೆ. ಬಲೂನ್ ಹಾರಿಸಿಯೇ ಹೊಟ್ಟೆ ಹೊರೆದುಕೊಂಡವಳು, 60ಕ್ಕೂ ಹೆಚ್ಚು ಸಲ ಮೇಲೆ ಹೋಗಿ ಬಂದವಳು ಅವಳು. ಅಷ್ಟು ದುಡಿದವಳನ್ನು ಬರೀ ಬಿದ್ದವಳು ಅಂತ ನೆನೆಯುವುದು ನನಗೆ ಸರಿ ಕಾಣಲಿಲ್ಲ.

ಬಲೂನ್ ಏರಿದ ಮೊದಲ ಹೆಂಗಸು ಇವಳಲ್ಲ. 1784ರ ಜೂನ್ 4ರಂದು ಲಿಯೋನ್ ನಗರದಲ್ಲಿ ಎಲಿಸಬೆತ್ ತಿಬ್ಲ್ ಬಿಸಿಗಾಳಿ ಬಲೂನಿನಲ್ಲಿ ಹಾರಿದ್ದಳು, ಸ್ವೀಡನ್ನಿನ ರಾಜನ ಎದುರಿಗೆ. ಆದರೆ ಇದನ್ನೇ ಕಸುಬು ಮಾಡಿಕೊಂಡವಳು ಸೋಫಿ. ಅವಳ ಗಂಡ ಜಾನ್ ಪಿಯೆರ್ ಬ್ಲಾಂಶಾರ್, 1785ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಗಾಳಿಯಲ್ಲಿ ದಾಟಿದ ಇಬ್ಬರಲ್ಲಿ ಒಬ್ಬ. ಹೆಸರಿತ್ತು, ಸಾಲವೂ ಇತ್ತು. 1804ರ ಡಿಸೆಂಬರ್‌ನಲ್ಲಿ ಮಾರ್ಸೇಯಲ್ಲಿ ಗಂಡನ ಜೊತೆ ಮೊದಲ ಸಲ ಮೇಲೆ ಹೋದಳು. ಮರುವರ್ಷ ತುಲೂಸ್‌ನಲ್ಲಿ ಒಬ್ಬಳೇ ಹಾರಿದಳು. 1809ರಲ್ಲಿ ಗಂಡ ಸತ್ತ. ಸಾಲ ಉಳಿಯಿತು, ಬಲೂನೂ ಉಳಿಯಿತು.

ಬಲೂನಿನ ಲೆಕ್ಕ ಗೊತ್ತಿಲ್ಲದೆ ಅವಳ ಪಾತ್ರ ಮಾಡಬಾರದು ಅನ್ನಿಸಿತು. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆಜಿ ತೂಗುತ್ತದೆ. ಅಷ್ಟೇ ಜಾಗದ ಹೈಡ್ರೋಜನ್ 90 ಗ್ರಾಂ. ಅಂದರೆ ಒಂದು ಘನ ಮೀಟರ್ ಹೈಡ್ರೋಜನ್ ಸುಮಾರು 1.1 ಕೆಜಿ ಭಾರ ಎತ್ತುತ್ತದೆ. ಬಿಸಿಗಾಳಿ ಎತ್ತುವುದು ಅದರ ಕಾಲು ಭಾಗದಷ್ಟು. ಕಬ್ಬಿಣದ ಚೂರಿನ ಮೇಲೆ ಗಂಧಕಾಮ್ಲ ಸುರಿದು ಹೈಡ್ರೋಜನ್ ತಯಾರಿಸುತ್ತಿದ್ದ ಕಾಲ ಅದು. ಅನಿಲಕ್ಕೆ ಖರ್ಚು ಜಾಸ್ತಿ, ಆದರೆ ಆಳು ಚಿಕ್ಕದಾದರೆ ಬಲೂನೂ ಚಿಕ್ಕದಾಗುತ್ತದೆ. ಮೇಲೆ ಒಲೆ ಉರಿಸುತ್ತಾ ಕೂರಬೇಕಿಲ್ಲ, ಒಬ್ಬರೇ ಹೋಗಬಹುದು. ಸೋಫಿ ತೆಳ್ಳಗೆ, ಕುಳ್ಳಗೆ ಇದ್ದಳು. ಅವಳು ನಿಲ್ಲುತ್ತಿದ್ದ ಬುಟ್ಟಿ ಒಂದು ಕುರ್ಚಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಆ ಬುಟ್ಟಿಯೇ ನನ್ನ ರಂಗಸಜ್ಜಿಕೆ. ಮೇದರ ಹತ್ತಿರ ಬಿದಿರಿನಲ್ಲಿ ಹೆಣೆಸಿ, ಅಂಚು ಮೊಣಕಾಲಿನ ಹತ್ತಿರಕ್ಕೆ ಬರುವ ಹಾಗೆ ಮಾಡಿಸಿದೆ. ನೆಲದಿಂದ ಒಂದಡಿ ಮೇಲೆ ಹಗ್ಗದಲ್ಲಿ ತೂಗುಹಾಕಿದೆವು. ಅದರಲ್ಲಿ ನಿಂತ ಮೇಲೆ ನನ್ನ ನಟನೆಯೇ ಬದಲಾಯಿತು. ಸುಮ್ನೆ ಒಂದು ಕಡೆ ವಾಲಿದರೂ ಬುಟ್ಟಿ ಓರೆಯಾಗುತ್ತದೆ. ಸೊಂಟ ತಿರುಗಿಸುವ ಹಾಗಿಲ್ಲ. ಮೊಣಕೈಯಿಂದ ಮುಂದಿನ ಕೈ, ಕತ್ತು, ಕಣ್ಣು ಇಷ್ಟರಲ್ಲೇ ಎಲ್ಲ ಹೇಳಬೇಕು. ತಾಲೀಮು ಮುಗಿಸಿ ಇಳಿದಾಗ ಮೊಣಕಾಲಿನ ಕೆಳಗೆ ಬಿದಿರಿನ ಹೆಣಿಗೆ ಅಚ್ಚೊತ್ತಿರುತ್ತಿತ್ತು.

ನಿರ್ದೇಶಕರು ಪಕ್ಕದಲ್ಲಿ ದೊಡ್ಡ ಫ್ಯಾನ್ ಇಡೋಣ, ಬಟ್ಟೆ ಹಾರಾಡಲಿ ಅಂದರು. ನಾನು ಒಪ್ಪಲಿಲ್ಲ. ಬಲೂನ್ ಗಾಳಿಯ ಜೊತೆಗೇ ಸಾಗುತ್ತದೆ, ಗಾಳಿಯ ವೇಗದಲ್ಲೇ. ಹಾಗಾಗಿ ಬುಟ್ಟಿಯಲ್ಲಿರುವವರಿಗೆ ಗಾಳಿ ಬೀಸುವುದು ಗೊತ್ತೇ ಆಗುವುದಿಲ್ಲ. ಕೆಳಗೆ ನಾಯಿ ಬೊಗಳಿದರೂ ಕೇಳಿಸುವಷ್ಟು ಸದ್ದಿಲ್ಲದ ಜಾಗ ಅದು.

ನನಗೆ ಸೋಫಿ ಅರ್ಥವಾದದ್ದು ಇಲ್ಲಿಯೇ. ನೆಲದ ಮೇಲೆ ಅವಳು ತುಂಬಾ ಅಂಜುಬುರುಕಿ. ಜೋರು ಸದ್ದಾದರೆ ಬೆಚ್ಚುತ್ತಿದ್ದಳು, ಕುದುರೆ ಗಾಡಿಯಲ್ಲಿ ಕೂರಲೂ ಹೆದರುತ್ತಿದ್ದಳು. ಅಂಥವಳು ಬಲೂನಿನಲ್ಲಿ ರಾತ್ರಿಯಿಡೀ ಇದ್ದು ಅಲ್ಲೇ ನಿದ್ದೆ ಮಾಡಿದ್ದಾಳೆ. ಇದನ್ನು ಎಲ್ಲರೂ ವಿಚಿತ್ರ ಅನ್ನುವ ಹಾಗೆ ಬರೆಯುತ್ತಾರೆ. ನನಗೆ ಏನೂ ವಿಚಿತ್ರ ಅನ್ನಿಸುವುದಿಲ್ಲ. ಸದ್ದಿಗೆ ಹೆದರುವವಳು ಸದ್ದೇ ಇಲ್ಲದ ಕಡೆ ನಿರಾಳವಾಗಿ ಇರುತ್ತಾಳೆ, ಅಲ್ವಾ? ಆಮೇಲೆ ಇಡೀ ನಾಟಕವನ್ನು ಇದರ ಮೇಲೇ ನಿಲ್ಲಿಸಿದೆವು. ನೆಲದ ದೃಶ್ಯಗಳಲ್ಲಿ ಗಾಡಿ ಚಕ್ರ, ತಮಟೆ, ಜನರ ಕೂಗು. ಬುಟ್ಟಿ ಹತ್ತಿದ ಕೂಡಲೇ ಎಲ್ಲ ಬಂದ್.

ಮೇಲೆ ಕೇಳಿಸುವುದು ಒಂದೇ ಸದ್ದು, ಮರಳಿನ ಚೀಲ ನೆಲಕ್ಕೆ ಬೀಳುವುದು. ಏರಬೇಕಾದರೆ ಮರಳು ಚೆಲ್ಲಬೇಕು. ಇಳಿಯಬೇಕಾದರೆ ನೆತ್ತಿಯ ಕವಾಟದ ಹಗ್ಗ ಎಳೆದು ಅನಿಲ ಬಿಡಬೇಕು. ಎಡಕ್ಕೆ ಬಲಕ್ಕೆ ತಿರುಗಿಸಲು ಏನೂ ಇಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿರುತ್ತದೆ, ಬೇಕಾದ ಗಾಳಿ ಸಿಗುವವರೆಗೆ ಏರಬೇಕು, ಇಳಿಯಬೇಕು. ಪ್ರತಿ ಸಲವೂ ಮರಳೋ ಅನಿಲವೋ ಕಡಿಮೆಯಾಗುತ್ತದೆ. ಇದನ್ನು ಮಾತಿನಲ್ಲಿ ವಿವರಿಸಲಿಲ್ಲ. ಚೀಲ ಬೀಳಿಸುತ್ತಾ ಉಳಿದವನ್ನು ಎಣಿಸುತ್ತೇನೆ, ಪ್ರೇಕ್ಷಕರೂ ನನ್ನ ಜೊತೆ ಎಣಿಸಲು ಶುರು ಮಾಡುತ್ತಾರೆ.

1812ರಲ್ಲಿ ಟೂರಿನ್‌ನಲ್ಲಿ ಅವಳು ಎಷ್ಟು ಮೇಲೆ ಹೋದಳೆಂದರೆ ಮೂಗಿನಿಂದ ರಕ್ತ ಬಂತು, ಮುಖದ ಮೇಲೆ, ಕೈ ಮೇಲೆ ಹಿಮ ಕಟ್ಟಿತು. ಈ ದೃಶ್ಯದಲ್ಲಿ ಗಡಗಡ ನಡುಗುವುದನ್ನು ಬಿಟ್ಟೆ. ಹಗ್ಗ ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡುತ್ತೇನೆ, ಬರುವುದಿಲ್ಲ. ಅಷ್ಟೇ.

ನೆಪೋಲಿಯನ್ ಅವಳನ್ನು ಸರ್ಕಾರಿ ಉತ್ಸವಗಳ ಬಲೂನ್ ಚಾಲಕಿ ಮಾಡಿದ್ದ. 1814ರಲ್ಲಿ ಹದಿನೆಂಟನೇ ಲೂಯಿ ಪ್ಯಾರಿಸ್‌ಗೆ ಬಂದಾಗಲೂ ಅವಳೇ ಹಾರಿದಳು. ರಾಜ ಬದಲಾದರೂ ಅವಳ ಕೆಲಸಕ್ಕೆ ಬೇರೆಯವರು ಬರಲಿಲ್ಲ.

ಕೊನೆಯ ರಾತ್ರಿ ತಿವೋಲಿ ಉದ್ಯಾನದಲ್ಲಿ ಬಿಳಿ ಉಡುಪು, ಗರಿಯ ಟೋಪಿ. ಮೇಲೆ ಹೈಡ್ರೋಜನ್, ಕೆಳಗೆ ಪಟಾಕಿ. ಬೆಂಕಿ ಹೊತ್ತಿದಾಗ ಜನ ಅದೂ ಪ್ರದರ್ಶನವೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ನಾವು ಕೆಂಪು ದೀಪ ಹಾಕುವುದಿಲ್ಲ, ಚಪ್ಪಾಳೆಯನ್ನು ಮಾತ್ರ ಕೇಳಿಸುತ್ತೇವೆ. ಅವಳು ಮರಳು ಸುರಿದು ಇಳಿತವನ್ನು ನಿಧಾನ ಮಾಡಲು ನೋಡಿದಳು ಎನ್ನುವ ವರದಿಗಳಿವೆ. ನಾನು ಅದನ್ನೇ ಮಾಡುತ್ತೇನೆ, ಉಳಿದ ಚೀಲಗಳನ್ನೆಲ್ಲ ಒಂದೊಂದಾಗಿ. ಬಲೂನ್ ರ‍್ಯೂ ದ ಪ್ರೊವಾನ್ಸ್‌ನ ಒಂದು ಮನೆಯ ಸೂರಿಗೆ ಬಡಿಯಿತು. ಅಲ್ಲಿಂದ ಬೀದಿಗೆ ಬಿದ್ದು ಸತ್ತಳು.

ನಾಟಕ ಮುಗಿದ ಮೇಲೆ ಯಾರಾದರೂ ಪ್ಯಾರಾಚೂಟ್ ಇರಲಿಲ್ವಾ ಅಂತ ಕೇಳುತ್ತಾರೆ. ಇತ್ತು. 1799ರಲ್ಲೇ ಜಾನ್ ಲಾಬ್ರೋಸ್ ಎಂಬ ಹೆಂಗಸು ಸುಮಾರು 900 ಮೀಟರ್ ಎತ್ತರದಿಂದ ಪ್ಯಾರಾಚೂಟಿನಲ್ಲಿ ಇಳಿದಿದ್ದಳು. ಆದರೆ ಆಗಿನದು ಬೆನ್ನಿಗೆ ಕಟ್ಟಿಕೊಳ್ಳುವಂಥದ್ದಲ್ಲ, ಬಲೂನಿಗೇ ತೂಗುಹಾಕುವ ದೊಡ್ಡ ಸರಂಜಾಮು. ನೆತ್ತಿಯಲ್ಲಿ ರಂಧ್ರ ಇಲ್ಲದಿದ್ದರೆ ಅದು ಇಳಿಯುವಾಗ ವಿಪರೀತ ಓಲಾಡುತ್ತದೆ. ನನ್ನ ಮುಂದಿನ ನಾಟಕ ಲಾಬ್ರೋಸ್ ಮೇಲೆ. ಆ ಓಲಾಟವನ್ನು ಚಿಕ್ಕ ವೇದಿಕೆಯ ಮೇಲೆ ಹೇಗೆ ತೋರಿಸುವುದು ಅಂತ ಈಗ ಹಗ್ಗ, ಬಟ್ಟೆ ಇಟ್ಟುಕೊಂಡು ನೋಡುತ್ತಿದ್ದೇನೆ.