ಹೊಸಬರಿಗೆ ಮಾರ್ಗದರ್ಶಿ: ಬ್ರಿಟನ್ನಿನಲ್ಲಿ ಸೀ ಕೆಡೆಟ್ಸ್ ಸೇರಬಯಸುವ ಮಕ್ಕಳ ತಂದೆತಾಯಿಗಳಿಗೆ

ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಈ ದೇಶಕ್ಕೆ ಬಂದಿಳಿಯುವ ಕುಟುಂಬಗಳಿಗೆ ಬಾಡಿಗೆ ಮನೆ, ಜಿಪಿ (ಬಡಾವಣೆಯ ವೈದ್ಯರ) ನೋಂದಣಿ, ಶಾಲೆಯ ಸೀಟು ಇವೆಲ್ಲ ಎರಡು ಮೂರು ತಿಂಗಳಲ್ಲಿ ಒಂದು ಹಂತಕ್ಕೆ ಬರುತ್ತವೆ. ತಡವಾಗಿ ಹದಕ್ಕೆ ಬರುವುದು ಮಕ್ಕಳ ಸಂಜೆಗಳು. ಇಲ್ಲಿನ ಸೆಕೆಂಡರಿ ಶಾಲೆಯಲ್ಲಿ ಗೆಳೆತನದ ಗುಂಪುಗಳು ಮೊದಲ ವರ್ಷದಲ್ಲೇ ಕಟ್ಟಿಕೊಂಡಿರುವುದರಿಂದ ನಡುವೆ ಬಂದು ಸೇರಿದ ಮಗು ಬಹಳ ದಿನ ಅಂಚಿನಲ್ಲೇ ನಿಂತಿರುತ್ತದೆ. ಸಮವಸ್ತ್ರ ತೊಟ್ಟು ಎಲ್ಲರೊಡನೆ ಒಂದೇ ಸಾಲಿನಲ್ಲಿ ನಿಲ್ಲುವ, ಎಲ್ಲರೂ ಹಗ್ಗದ ಮೊದಲ ಗಂಟಿನಿಂದಲೇ ಕಲಿಕೆ ಶುರುಮಾಡುವ ಸೀ ಕೆಡೆಟ್ಸ್, ಅಂದರೆ ನೌಕಾಪಡೆಯ ಮಾದರಿಯಲ್ಲಿ ಮಕ್ಕಳಿಗೆ ದೋಣಿ, ಕವಾಯತು ಕಲಿಸುವ ಸಂಸ್ಥೆ, ಅಂಥ ಮಗುವಿಗೆ ಒಗ್ಗಬಹುದು ಎಂಬುದು ನಮ್ಮ ಕನ್ನಡ ಸಂಘದ ಅಭಿಪ್ರಾಯ. ಆದರೆ ಇದು ವಾರಕ್ಕೊಮ್ಮೆ ಬಿಟ್ಟು ಬರುವ ಕ್ಲಾಸಲ್ಲ ಎಂಬ ಅರಿವು ಸೇರುವ ಮೊದಲೇ ಮನೆಯಲ್ಲಿ ಇರಬೇಕು.

ಸಂಸ್ಥೆಯ ಬೇರು ಕ್ರಿಮಿಯಾ ಯುದ್ಧ ಮುಗಿದ 1856ರ ಆಸುಪಾಸಿನಲ್ಲಿ, ಕೆಂಟ್ ಕರಾವಳಿಯ ವಿಟ್‌ಸ್ಟೇಬಲ್ ಊರಿನಲ್ಲಿದೆ. 1899ರಲ್ಲಿ ವಿಂಡ್ಸರ್ ಊರಿನ ಹುಡುಗರ ಸಮವಸ್ತ್ರಕ್ಕೆಂದು ವಿಕ್ಟೋರಿಯಾ ರಾಣಿ 10 ಪೌಂಡ್ ಕೊಟ್ಟದ್ದನ್ನು ಸಂಸ್ಥೆಯವರು ಇಂದಿಗೂ ನೆನೆಯುತ್ತಾರೆ. 1980ರಿಂದ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಇಂದು ಅವರು ಮಾಡದ ಕೆಲಸವೆಂಬುದು ಯೂನಿಟ್ಟಿನಲ್ಲಿ (ಸಂಸ್ಥೆಯ ಊರಿನ ಶಾಖೆಯಲ್ಲಿ) ಇಲ್ಲವಾದ್ದರಿಂದ, ಮಗಳನ್ನು ಕಳುಹಿಸಬಹುದೇ ಎಂಬ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಎನ್‌ಸಿಸಿ ಅಲ್ಲ

ನಮ್ಮವರು ಇದನ್ನು ಮೊದಲು ಅಳೆಯುವುದು ಎನ್‌ಸಿಸಿಯ ಅಳತೆಗೋಲಿನಿಂದ. ಹೋಲಿಕೆ ಪೂರ್ತಿ ತಪ್ಪಲ್ಲ. ಊರಿನಲ್ಲಿ ಎನ್‌ಸಿಸಿ ನೌಕಾದಳದಲ್ಲಿದ್ದ ತಂದೆತಾಯಿಗಳಿಗೆ ಬೋಟ್ ಪುಲ್ಲಿಂಗ್ ಎಂದರೆ ಹುಟ್ಟು ಹಾಕುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಗೈ ಕೆಳಮುಖವಾಗಿಸುವ ನೌಕಾ ಸೆಲ್ಯೂಟ್ ಕೂಡ ಅವರಿಗೆ ಗೊತ್ತಿರುತ್ತದೆ. ಆದರೆ ಎನ್‌ಸಿಸಿ 1948ರ ಕಾಯ್ದೆಯಿಂದ ಹುಟ್ಟಿ ಶಾಲೆ ಕಾಲೇಜುಗಳ ಮೂಲಕ ನಡೆಯುವ ಸರ್ಕಾರಿ ವ್ಯವಸ್ಥೆ. ಸೀ ಕೆಡೆಟ್ಸ್ ಒಂದು ದತ್ತಿ ಸಂಸ್ಥೆ. ರಕ್ಷಣಾ ಇಲಾಖೆಯ ಧನಸಹಾಯ ಮತ್ತು ನೌಕಾಪಡೆಯ ಬೆಂಬಲ ಇದ್ದರೂ ಅದು ಸಶಸ್ತ್ರ ಪಡೆಯ ಭಾಗವಲ್ಲ. ಪ್ರತಿ ಊರಿನ ಯೂನಿಟ್ಟನ್ನು ಆಯಾ ಊರಿನ ಸ್ವಯಂಸೇವಕರೇ ನಡೆಸುತ್ತಾರೆ, ಹಣವನ್ನೂ ಬಹುಪಾಲು ಅವರೇ ಹೊಂದಿಸುತ್ತಾರೆ. ಕೆಡೆಟ್ ಆದವರು ಮುಂದೆ ನೌಕಾಪಡೆ ಸೇರಬೇಕೆಂಬ ಬಾಧ್ಯತೆ ಯಾವ ಹಂತದಲ್ಲೂ ಇಲ್ಲ.

ಇನ್ನೊಂದು ವ್ಯತ್ಯಾಸವನ್ನು ನೇರವಾಗಿಯೇ ಹೇಳಬೇಕು. ಕರ್ನಾಟಕದ ಸಿಇಟಿಯಲ್ಲಿ ಎನ್‌ಸಿಸಿ ಕೋಟಾ ಇರುವಂತೆ, ಕೆಡೆಟ್ ಎಂಬ ಕಾರಣಕ್ಕೆ ಸೀಟು ಕಾದಿರಿಸುವ ಪದ್ಧತಿ ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇಲ್ಲ. ಹಾಯಿದೋಣಿ ನಡೆಸುವುದರಲ್ಲಿ ಸಿಗುವ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಪ್ರಮಾಣಪತ್ರ ಹೊರಗಡೆಯೂ ನಡೆಯುತ್ತದೆ, ಯುವಜನರಿಗೆಂದೇ ಇರುವ ಡ್ಯೂಕ್ ಆಫ್ ಎಡಿನ್‌ಬರಾ ಪ್ರಶಸ್ತಿಯ ಹಂತಗಳನ್ನು ಯೂನಿಟ್ಟಿನ ಮೂಲಕವೇ ಮುಗಿಸಬಹುದು. ಇವು ಅರ್ಜಿಯಲ್ಲಿ ಬರೆದುಕೊಳ್ಳಲು ಒದಗುತ್ತವೆ. ಅಷ್ಟಕ್ಕಾಗಿಯೇ ಮಗುವನ್ನು ಸೇರಿಸುವ ಯೋಚನೆಯಿದ್ದರೆ ಬೇಡ. ಆಸೆಯಿಲ್ಲದ ಹುಡುಗ ಜನವರಿಯ ಚಳಿಯಲ್ಲಿ ಸಾಲಿನಲ್ಲಿ ನಿಲ್ಲುವುದು ಹೆಚ್ಚು ದಿನ ನಡೆಯುವ ಮಾತಲ್ಲ.

ಸೇರುವ ಬಗೆ

ಹತ್ತರಿಂದ ಹನ್ನೆರಡರವರೆಗಿನವರು ಜೂನಿಯರ್ ಕೆಡೆಟ್‌ಗಳು, ಹನ್ನೆರಡರಿಂದ ಹದಿನೆಂಟರವರೆಗಿನವರು ಸೀ ಕೆಡೆಟ್‌ಗಳು. ಹದಿಮೂರು ತುಂಬಿದವರಿಗೆ ರಾಯಲ್ ಮೆರೀನ್ಸ್ ಕೆಡೆಟ್ಸ್ ಎಂಬ ಇನ್ನೊಂದು ವಿಭಾಗವೂ ಉಂಟು. ಅಲ್ಲಿ ನೀರಿಗಿಂತ ಕಾಡುಮೇಡಿನ ಅಭ್ಯಾಸ ಹೆಚ್ಚು. ಎಲ್ಲ ಯೂನಿಟ್ಟುಗಳಲ್ಲಿ ಎಲ್ಲ ವಿಭಾಗಗಳೂ ಇರುವುದಿಲ್ಲ. ದೇಶದಲ್ಲಿ ಸುಮಾರು 400 ಯೂನಿಟ್ಟುಗಳಿವೆ. ಸಂಸ್ಥೆಯ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ್ದು ಸಿಗುತ್ತದೆ. ಸಮುದ್ರ ದೂರವಿದೆಯೆಂದು ಕೈಬಿಡಬೇಡಿ. ಕಡಲಿನಿಂದ ಬಹುದೂರದ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲೂ ಯೂನಿಟ್ಟುಗಳಿವೆ, ಕೆರೆ, ಕಾಲುವೆ, ಜಲಾಶಯಗಳಲ್ಲಿ ಅವರ ಅಭ್ಯಾಸ ನಡೆಯುತ್ತದೆ.

ಮೊದಲು ಇಮೇಲ್ ಬರೆದು, ಅವರು ಹೇಳಿದ ಸಂಜೆ ಮಗುವಿನೊಡನೆ ಹೋಗಿ ನೋಡಿ. ಆಸ್ತಮಾ, ಅಲರ್ಜಿ, ಔಷಧಿಗಳ ವಿವರವನ್ನು ಅರ್ಜಿಯಲ್ಲಿ ಬಿಡದೆ ತುಂಬಬೇಕು. ಸೇರಿಸಿಕೊಳ್ಳಲಾರರೇನೋ ಎಂದು ಅಂಜಿ ಮುಚ್ಚಿಡುವುದು ನಮ್ಮವರಲ್ಲಿ ಇರುವ ಅಭ್ಯಾಸ, ಆದರೆ ನೀರಿನ ಮೇಲೆ ಅದು ಅಪಾಯಕ್ಕೆ ದಾರಿ. ಮೊದಲ ಕೆಲವು ವಾರ ಹೊಸಬರ ತರಬೇತಿ ನಡೆದು, ಆಮೇಲೆ ಎಲ್ಲರೆದುರು ಪ್ರತಿಜ್ಞೆ ಮಾಡಿಸಿ ಸೇರಿಸಿಕೊಳ್ಳುತ್ತಾರೆ. ಪ್ರತಿಜ್ಞೆಯ ಪಾಠವನ್ನು ಮುಂಚಿತವಾಗಿ ಕೇಳಿ ಪಡೆದು ಮಗುವಿನೊಡನೆ ಕುಳಿತು ಓದಿಕೊಳ್ಳುವುದು ಒಳ್ಳೆಯದು.

ಸಾಮಾನ್ಯವಾಗಿ ವಾರಕ್ಕೆ ಎರಡು ಸಂಜೆ ಹಾಜರಿ ಇರುತ್ತದೆ. ಯೂನಿಟ್ಟಿನ ಕಟ್ಟಡಕ್ಕೆ ತರಬೇತಿ ಹಡಗಿನ ಹೆಸರಿರುತ್ತದೆ, ಒಳಗಿನ ಮಾತೂ ಹಡಗಿನದ್ದೇ: ನೆಲ ಡೆಕ್ ಆಗುತ್ತದೆ, ಅಡುಗೆಮನೆ ಗ್ಯಾಲಿ, ಶೌಚಾಲಯ ಹೆಡ್ಸ್. ಸಂಜೆ ಶುರುವಾಗುವುದು ಧ್ವಜವೇರಿಸುವ ಕಲರ್ಸ್ ವಿಧಿಯಿಂದ, ಮುಗಿಯುವುದು ಅದನ್ನಿಳಿಸುವ ಸನ್‌ಸೆಟ್ ವಿಧಿಯಿಂದ. ಜೂನ್ ತಿಂಗಳಲ್ಲಿ ಸೂರ್ಯ ಇನ್ನೂ ಮೇಲಿರುವಾಗಲೇ ಸನ್‌ಸೆಟ್ ನಡೆದು, ಡಿಸೆಂಬರಿನಲ್ಲಿ ಸೂರ್ಯ ಮುಳುಗಿ ಎಷ್ಟೋ ಹೊತ್ತಾದ ಮೇಲೆ ಕಲರ್ಸ್ ನಡೆಯುವುದನ್ನು ಕಂಡು ನಗಬಾರದು. ಶಾಲೆಯ ಮೈದಾನದ ಸಾವಧಾನ್, ವಿಶ್ರಾಮ್ ಕೇಳಿ ಬೆಳೆದ ಮಕ್ಕಳಿಗೆ ಕವಾಯತು ಬೇಗ ಕೈಗೆ ಹತ್ತುತ್ತದೆ. ಹೊಸದೆನಿಸುವುದು ಹಗ್ಗದ ಗಂಟುಗಳು. ಬೋಲಿನ್, ಕ್ಲೋವ್ ಹಿಚ್ ಎಂದು ಹೆಸರು ಹೇಳುತ್ತ ಮನೆಯ ಪರದೆಯ ದಾರವನ್ನೆಲ್ಲ ಮಗು ಗಂಟು ಹಾಕಿದರೆ ಬೈಯಬೇಡಿ.

ನೀರು, ಚಳಿ, ಊಟ

ನಮ್ಮ ಹಲವು ಮಕ್ಕಳಿಗೆ ಈಜು ಬರುವುದಿಲ್ಲ, ತಂದೆತಾಯಿಗಳಿಗೂ ಬರುವುದಿಲ್ಲ. ನದಿಯ ಹತ್ತಿರ ಹೋಗಬೇಡ ಎಂದೇ ನಮ್ಮನ್ನು ಬೆಳೆಸಿದ್ದಾರೆ. ದೋಣಿ ಹತ್ತುವ ಮೊದಲು ಈಜಿನ ಪರೀಕ್ಷೆ ಇರುವುದರಿಂದ, ಸೇರುವ ಯೋಚನೆ ಬಂದ ದಿನವೇ ಕೌನ್ಸಿಲ್ಲಿನ ಈಜುಕೊಳದಲ್ಲಿ ಪಾಠಕ್ಕೆ ಹೆಸರು ಬರೆಸಿ. ತಣ್ಣೀರಿಗೆ ಹಠಾತ್ತನೆ ಬಿದ್ದಾಗ ಉಸಿರು ಹಿಡಿದಂತಾಗಿ ಏದುಸಿರು ಬರುವುದು ಒಳ್ಳೆಯ ಈಜುಗಾರರಿಗೂ ಆಗುತ್ತದೆ. ತೇಲುವ ಜಾಕೆಟ್ ಹಾಕದೆ ಯಾರನ್ನೂ ನೀರಿಗೆ ಬಿಡದಿರುವುದು ಅದಕ್ಕಾಗಿಯೇ. ಉಂಗುರ, ಬಳೆ, ಓಲೆ, ಸರಗಳು ಹಗ್ಗಕ್ಕೆ ಸಿಕ್ಕಿಕೊಳ್ಳುವುದರಿಂದ ಅವನ್ನು ತೆಗೆಯಬೇಕಾಗುತ್ತದೆ. ಜನಿವಾರ, ಉಡಿದಾರ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ ಮುಂತಾದವುಗಳ ಬಗ್ಗೆ ಮಗು ಸಂಕೋಚಪಡುವ ಮೊದಲೇ ನೀವೇ ಅಧಿಕಾರಿಯ ಬಳಿ ಮಾತನಾಡಿದರೆ ಮಗುವಿನ ತಲೆಯಿಂದ ಒಂದು ಭಾರ ಇಳಿದಂತೆ. ಶಿಬಿರಗಳಲ್ಲಿ ಸಸ್ಯಾಹಾರ ಕೇಳಿದರೆ ಸಿಗುತ್ತದೆ. ಮೊಟ್ಟೆ ತಿನ್ನುತ್ತೀರೋ ಇಲ್ಲವೋ, ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುವ ಮಿಠಾಯಿ ನಡೆಯುತ್ತದೋ ಇಲ್ಲವೋ ಎಂಬುದನ್ನೂ ಬರೆದು ಕೊಡಿ. ವೆಜಿಟೇರಿಯನ್ ಎಂಬ ಒಂದೇ ಪದ ಇಲ್ಲಿ ನಮ್ಮ ಅರ್ಥವನ್ನು ಹೊರುವುದಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಸಮುದ್ರಯಾನದ ಅವಕಾಶವೂ ಬರಬಹುದು. ಸಂಸ್ಥೆಯ ಟಿಎಸ್ (ತರಬೇತಿ ಹಡಗು) ರಾಯಲಿಸ್ಟ್ ಎರಡು ಕೂವೆಕಂಬಗಳ ಹಾಯಿಹಡಗು. 1971ರ ಹಳೆಯ ಹಡಗಿನ ಜಾಗಕ್ಕೆ 2015ರಲ್ಲಿ ಬಂದ ಈ ಹೊಸ ಹಡಗು ಒಮ್ಮೆಗೆ 24 ಕೆಡೆಟ್‌ಗಳನ್ನು ಒಯ್ಯುತ್ತದೆ. ಇಲ್ಲಿ ಹೊಸಬರು ಮರೆಯಬಾರದ ಸಂಗತಿಯೊಂದಿದೆ. ಪ್ರಯಾಣ ಫ್ರಾನ್ಸಿನ ಬಂದರನ್ನು ಮುಟ್ಟುವುದಾದರೆ ಭಾರತೀಯ ಪಾಸ್‌ಪೋರ್ಟ್ ಇರುವ ಮಗುವಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ) ಬೇಕು. ಸಹಪಾಠಿಗಳಿಗೆ ಈ ಚಿಂತೆ ಇಲ್ಲದ್ದರಿಂದ ಯೂನಿಟ್ಟಿನವರಿಗೂ ಅದು ಹೊಳೆಯದೆ ಹೋಗಬಹುದು. ಹಣ ಕಟ್ಟುವ ಮೊದಲು ಮಾರ್ಗ ಯಾವುದೆಂದು ಕೇಳಿ.

ಸಮವಸ್ತ್ರ ಮತ್ತು ಭಾನುವಾರಗಳು

ಸಮವಸ್ತ್ರವನ್ನು ಸಾಮಾನ್ಯವಾಗಿ ಯೂನಿಟ್ಟೇ ಕೊಡುತ್ತದೆ, ಬೂಟನ್ನು ನೀವು ಕೊಳ್ಳಬೇಕು. ಇದರ ಮೇಲೆ ಒಂದಿಷ್ಟು ಚಂದಾ, ಶಿಬಿರಗಳಿಗೆ ಬೇರೆ ಹಣ. ತೊಂದರೆಯಿದ್ದರೆ ಗುಟ್ಟಾಗಿ ತಿಳಿಸಿ, ದಾರಿ ಮಾಡಿಕೊಡುತ್ತಾರೆ. ಇಸ್ತ್ರಿ ಮಾಡುವುದು, ಬೂಟಿಗೆ ಪಾಲಿಷ್ ಹಚ್ಚುವುದು, ಬ್ಯಾಡ್ಜ್ ಹೊಲಿಯುವುದು ಮಗುವಿನ ಕೆಲಸ. ಅಮ್ಮ ಮಾಡಿಕೊಟ್ಟ ಇಸ್ತ್ರಿಯ ಗೆರೆಯನ್ನು ಪರಿಶೀಲನೆಗೆ ನಿಂತ ಅಧಿಕಾರಿ ದೂರದಿಂದಲೇ ಗುರುತಿಸುತ್ತಾರೆಂದು ನಮ್ಮಲ್ಲಿ ತಮಾಷೆಗೆ ಹೇಳುವುದುಂಟು. ಒಂದೆರಡು ಸಲ ಗೆರೆ ವಕ್ರವಾಗಲಿ, ಬಿಡಿ. ಸಮವಸ್ತ್ರವನ್ನು ಅನುಮತಿಯಿಲ್ಲದೆ ಬೇರೆಡೆ ತೊಡುವಂತಿಲ್ಲ. ನಮ್ಮ ವೇದಿಕೆಯ ಛದ್ಮವೇಷ ಸ್ಪರ್ಧೆಗಂತೂ ತರಲೇಬೇಡಿ.

ವರ್ಷದಲ್ಲಿ ಎರಡು ಭಾನುವಾರಗಳು ನಮ್ಮ ಹಬ್ಬಗಳೊಡನೆ ತಾಕುತ್ತವೆ. ಮೊದಲನೆಯದು ಅಕ್ಟೋಬರ್ 21ರ ಸಮೀಪದ್ದು, ಬ್ರಿಟಿಷ್ ನೌಕಾಪಡೆ ಗೆದ್ದ 1805ರ ಟ್ರಫಾಲ್ಗರ್ ಕದನದ ನೆನಪಿನದು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೇಶದ ನಾನಾ ಕಡೆಯ ಕೆಡೆಟ್‌ಗಳ ಪಥಸಂಚಲನ ನಡೆಯುತ್ತದೆ. ಎರಡನೆಯದು ಯುದ್ಧಗಳಲ್ಲಿ ಮಡಿದವರನ್ನು ನೆನೆಯುವ, ನವೆಂಬರಿನ ಎರಡನೆಯ ಭಾನುವಾರದ ರಿಮೆಂಬ್ರನ್ಸ್ ದಿನ, ಅಂದರೆ ರಾಜ್ಯೋತ್ಸವ ಕಾರ್ಯಕ್ರಮಗಳಿಗೆ ಸಭಾಂಗಣ ಹುಡುಕುವ ದಿನಗಳು. ಆ ದಿನ ಮಗು ತನ್ನ ಯೂನಿಟ್ಟಿನೊಡನೆ ನಡೆಯಲಿ, ನಮ್ಮ ಕಾರ್ಯಕ್ರಮಕ್ಕೆ ಮಧ್ಯಾಹ್ನ ಬಂದರೆ ಸಾಕು ಎಂದು ಸಂಘವೇ ಹೇಳುತ್ತದೆ. ಪರದೇಶದ ಸೈನಿಕರಿಗೆ ನಾನೇಕೆ ತಲೆಬಾಗಬೇಕು ಎಂದು ಮಗು ಕೇಳಿದರೆ, 1918ರ ಸೆಪ್ಟೆಂಬರಿನಲ್ಲಿ ಹೈಫಾ ನಗರವನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತೆಂದೂ, ಅದರ ಸ್ಮಾರಕ ಬೆಂಗಳೂರಿನಲ್ಲಿದೆಯೆಂದೂ ಹೇಳಿ.

ಮನೆಯವರ ಪಾಲು

ಹೆಚ್ಚಿನ ಮಕ್ಕಳು ಬಿಟ್ಟುಬಿಡುವುದು ಚಳಿಗೋ ಕವಾಯತಿಗೋ ಹೆದರಿ ಅಲ್ಲ, ಟ್ಯೂಷನ್ ಅದೇ ಸಂಜೆಗೆ ಬಂತೆಂಬ ಕಾರಣಕ್ಕೆ ಎಂಬುದನ್ನು ನಾವು ನೋಡಿದ್ದೇವೆ. ಕೆಡೆಟ್ ಗೈರುಹಾಜರಾದರೆ ದೋಣಿಯಲ್ಲಿ ಒಂದು ಹುಟ್ಟು ಖಾಲಿ, ಕಲಿಸಲು ಬಂದ ಸ್ವಯಂಸೇವಕರ ಸಂಜೆ ಅರ್ಧ ವ್ಯರ್ಥ. ಜಿಸಿಎಸ್ಇ (ಹದಿನಾರರ ಹೊತ್ತಿನ ಶಾಲಾ ಪರೀಕ್ಷೆ) ವರ್ಷದಲ್ಲಿ ಬಿಡುವು ಬೇಕಾದರೆ ಮಗುವೇ ಮುಂದಾಗಿ ಅಧಿಕಾರಿಗೆ ತಿಳಿಸಲಿ, ಒಪ್ಪಿಕೊಳ್ಳುತ್ತಾರೆ. ಹೇಳದೆ ಕೇಳದೆ ನಾಲ್ಕು ವಾರ ಮಾಯವಾಗುವುದು ಮಾತ್ರ ಬೇಡ.

ನೀವೂ ಕೈಜೋಡಿಸಬಹುದು. ಮಕ್ಕಳೊಡನೆ ಕೆಲಸ ಮಾಡುವ ದೊಡ್ಡವರೆಲ್ಲರ ಹಿನ್ನೆಲೆಯನ್ನು ಪರಿಶೀಲಿಸಿಯೇ ಒಳಬಿಡುವುದರಿಂದ ಕಾಗದಪತ್ರಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ. ಯೂನಿಟ್ಟಿನ ಆಡಳಿತ ಸಮಿತಿಗೆ ಲೆಕ್ಕ ಬಲ್ಲ ಖಜಾಂಚಿಯ ಅವಶ್ಯಕತೆ ಸದಾ ಇರುತ್ತದೆ, ನಮ್ಮಲ್ಲಿ ಲೆಕ್ಕ ಬಲ್ಲವರಿಗೆ ಕೊರತೆಯಿಲ್ಲ. ಹಡಗಿನ ಜ್ಞಾನ ಏನೂ ಬೇಡ.

ಹದಿನೆಂಟರ ಹುಟ್ಟುಹಬ್ಬಕ್ಕೆ ಕೆಡೆಟ್ ಆಗಿರುವುದು ಮುಗಿಯುತ್ತದೆ. ಇಷ್ಟವಿದ್ದವರು ಸ್ವಯಂಸೇವಕರಾಗಿ ಮರಳಿ ಬರಬಹುದು. ಯಾವಾಗ ಬಿಟ್ಟರೂ ಯೂನಿಟ್ಟು ಕೊಟ್ಟ ಸಮವಸ್ತ್ರವನ್ನು ಒಗೆದು, ಇಸ್ತ್ರಿ ಮಾಡಿ, ಟೋಪಿಯ ಸಮೇತ ಹಿಂತಿರುಗಿಸಬೇಕು. ಬೂಟು ನಿಮ್ಮದೇ, ಅಳತೆ ಸಣ್ಣದಾದ ಬೂಟನ್ನು ಸಂಘಕ್ಕೆ ಕೊಟ್ಟರೆ ಮುಂದೆ ಬರುವ ಹೊಸ ಮಗುವಿಗೆ ತಲುಪಿಸುತ್ತೇವೆ.