ಮುಂಡರಗಿಯ ಬೋರ್ ನೀರು ಪೇಪರ್ ಆಗಿದ್ದು ಹೀಗೆ

ನಾನು ಗದಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪಿಎಚ್‌ಡಿ ಪಾರ್ಟ್‌ಟೈಮ್, ಧಾರವಾಡದಲ್ಲಿ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಚಿಗರಿ ಬಸ್ಸು ಹತ್ತಿ ಗೈಡ್ ಮೇಡಂ ಮುಂದೆ ಕೂರುವುದು. ವಿಷಯ ಮುಂಡರಗಿ ತಾಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್. ಆ ಕಡೆಯ ಊರುಗಳಲ್ಲಿ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬಿದ್ದಿರುವುದನ್ನು ಯಾರು ಬೇಕಾದರೂ ನೋಡಬಹುದು. ನೀರಿಗೆ ಮಾತ್ರ ಬಣ್ಣ ಇಲ್ಲ, ವಾಸನೆ ಇಲ್ಲ. ಫ್ಲೋರೈಡ್ ಇದೆ ಅಂತ ನಾಲಿಗೆಗೂ ಗೊತ್ತಾಗುವುದಿಲ್ಲ.

ಒಂದು ವಿಶ್ವವಿದ್ಯಾಲಯದ ವಿಜ್ಞಾನ ಜರ್ನಲ್‌ಗೆ ಈ ಕೆಲಸದ ಸಂಶೋಧನಾ ಪೇಪರ್ ಕಳಿಸಿದ ಕತೆ ಇದು. ಕಳಿಸಿದ ದಿನದಿಂದ ಅಚ್ಚಾಗುವವರೆಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಅದಕ್ಕೂ ಮೊದಲು ಒಂದು ಪೆಟ್ಟು ತಿಂದಿದ್ದೆ. ಪಿಎಚ್‌ಡಿ ಸೇರಿದ ಹೊಸತು. 'ಗೌರವಾನ್ವಿತ ಪ್ರೊಫೆಸರ್' ಅಂತ ಒಂದು ಇಮೇಲ್ ಬಂತು. ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ, ಖುಷಿಯಾಯಿತು. ಮೂರು ದಿನದಲ್ಲಿ ಪೇಪರ್ ಪ್ರಕಟ ಅಂದರು. ಫೋನ್‌ಪೇ ಮಾಡಿದೆ. ನಾಲ್ಕನೇ ದಿನ ಸರ್ಟಿಫಿಕೇಟೂ ಬಂತು, ಬಂಗಾರದ ಬಣ್ಣದ ಬಾರ್ಡರ್ ಹಾಕಿದ್ದು. ಒಂದು ವರ್ಷದ ನಂತರ ಆ ವೆಬ್‌ಸೈಟೇ ಇಲ್ಲ. ಪೇಪರ್‌ಗೆ ಕೊಟ್ಟಿದ್ದ ಡಿಒಐ ನಂಬರ್ (ಆನ್‌ಲೈನ್‌ನಲ್ಲಿ ಪೇಪರ್ ಹುಡುಕುವ ಕಾಯಂ ಗುರುತು) ಹಾಕಿದರೆ ಎಲ್ಲಿಗೂ ಹೋಗಲ್ಲ. ಮೇಡಂಗೆ ತೋರಿಸಿದಾಗ ಅವರು ಬೈಯಲಿಲ್ಲ. "ಮೂರು ದಿನದಾಗ ಯಾರು ಓದಿದ್ರಂತ?" ಅಂತ ಅಷ್ಟೇ ಕೇಳಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಹೀಗಾಗಿ ಎರಡನೇ ಸಲ ಜರ್ನಲ್ ಹುಡುಕುವಾಗ ಹುಷಾರಾದೆ. ಆಗ ಎಲ್ಲರೂ ನೋಡುತ್ತಿದ್ದದ್ದು 2019ರಲ್ಲಿ ಶುರುವಾದ ಯುಜಿಸಿ ಕೇರ್ ಪಟ್ಟಿ, ಅಂದರೆ ನಂಬಬಹುದಾದ ಜರ್ನಲ್‌ಗಳು ಅಂತ ಯುಜಿಸಿ ಗುರುತಿಸಿದ್ದ ಪಟ್ಟಿ. ಅದರಲ್ಲಿ ಹೆಸರಿದ್ದರೆ ಮುಗೀತು ಅನ್ನುವ ಕಾಲ. ಆದರೆ ಪಟ್ಟಿಯಲ್ಲಿದ್ದ ಒಳ್ಳೆ ಜರ್ನಲ್‌ಗಳ ಹೆಸರಲ್ಲೇ ನಕಲಿ ವೆಬ್‌ಸೈಟ್ ತೆರೆದು ದುಡ್ಡು ಮಾಡುವವರೂ ಇದ್ದರು. 2025ರ ಫೆಬ್ರುವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ನಾವೇ ನೋಡಿ ಆರಿಸಬೇಕು. ನಾನು ಮಾಡಿದ್ದು ಇಷ್ಟು. ಪ್ರತಿ ಜರ್ನಲ್‌ಗೂ ಐಎಸ್‌ಎಸ್‌ಎನ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಐಎಸ್‌ಎಸ್‌ಎನ್‌ನ ಎಂಟು ಅಂಕಿಗಳನ್ನು ಅದರ ಅಂತಾರಾಷ್ಟ್ರೀಯ ಪೋರ್ಟಲ್‌ನಲ್ಲಿ ಹಾಕಿ, ಬರುವ ಹೆಸರು ಮತ್ತು ವಿಳಾಸ ಹೊಂದುತ್ತವಾ ನೋಡಿದೆ. ಹಳೆ ಸಂಚಿಕೆಯ ಎರಡು ಮೂರು ಡಿಒಐ ಒತ್ತಿ ನೋಡಿದೆ. ಆಮೇಲೆ ಐದು ಪೇಪರ್ ಪೂರ್ತಿ ಓದಿದೆ. ಕೊನೆಯದೇ ಹೆಚ್ಚು ಕೆಲಸಕ್ಕೆ ಬಂತು. ನನ್ನಂಥ ಕೆಲಸವನ್ನು ಇವರು ಹಾಕುತ್ತಾರಾ, ಹಾಕಿದರೆ ಎಷ್ಟು ಆಳ ಕೇಳುತ್ತಾರೆ ಅನ್ನುವುದು ಓದಿದರೇನೇ ಗೊತ್ತಾಗುವುದು.

ಬರೆದೆ. ಮೊದಲ ಡ್ರಾಫ್ಟ್ 26 ಪುಟ. ಯಾವ ದಿನ ಯಾವ ಊರಿಗೆ ಹೋದೆ, ಯಾವ ಬಾಟಲಿ ತೊಳೆದೆ, ಎಲ್ಲಾ ಇತ್ತು. ಮೇಡಂ ಕೆಂಪು ಪೆನ್ನು ತಗೊಂಡರು. "ಇದು ಡೈರಿ ಆತು. ಪೇಪರ್ ಎಲ್ಲೈತಿ? ನೀವು ಕೇಳಿದ ಪ್ರಶ್ನೆ ಒಂದು ವಾಕ್ಯದಾಗ ಹೇಳ್ರಿ ನೋಡೋಣ." ನನಗೆ ಆಗಲಿಲ್ಲ. ಧಾರವಾಡದಿಂದ ಗದಗಿನವರೆಗೂ ಅದನ್ನೇ ಯೋಚಿಸಿದೆ. ಅಣ್ಣಿಗೇರಿ ದಾಟುವ ಹೊತ್ತಿಗೆ ಒಂದು ವಾಕ್ಯ ಸಿಕ್ಕಿತು: ಕ್ಯಾಲ್ಸಿಯಂ ಕಡಿಮೆ ಇರುವ ಬೋರ್‌ಗಳಲ್ಲೇ ಫ್ಲೋರೈಡ್ ಜಾಸ್ತಿ ಇದೆಯಾ? ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂರಿಸುತ್ತದೆ. ಇಲ್ಲದಿದ್ದರೆ ಕಲ್ಲಿನಿಂದ ಕರಗಿದ್ದು ನೀರಲ್ಲೇ ಉಳಿಯುತ್ತದೆ. ಆ ವಾಕ್ಯ ಸಿಕ್ಕ ಮೇಲೆ 26 ಪುಟ 11 ಆಯಿತು. ಅದಕ್ಕೆ ಸಂಬಂಧ ಇಲ್ಲದ ನಾಲ್ಕು ಟೇಬಲ್ ತಾವಾಗಿಯೇ ಹೊರಗೆ ಬಿದ್ದವು. ಅಬ್‌ಸ್ಟ್ರಾಕ್ಟ್ (ಪೇಪರಿನ ಸಾರಾಂಶ) ಎಲ್ಲದಕ್ಕಿಂತ ಕೊನೆಗೆ ಬರೆದೆ.

ಹೆಸರುಗಳ ವಿಚಾರ ಬಂತು. ಕಾಲೇಜಿನ ಒಬ್ಬ ಹಿರಿಯರು "ನಮ್ಮ ಹೆಸರೂ ಇರಲಿ ಬಿಡ್ರಿ, ಏನ್ ಖರ್ಚು?" ಅಂದರು. ಖರ್ಚೇನಿಲ್ಲ, ನಿಜ. ಆದರೆ ಪ್ರತಿ ಲೇಖಕರೂ ಏನು ಮಾಡಿದರು ಅಂತ ಬರೆದು ಸಹಿ ಹಾಕುವ ಫಾರ್ಮ್ ಆ ಜರ್ನಲ್‌ನಲ್ಲಿತ್ತು. ಅದನ್ನು ಅವರ ಮುಂದಿಟ್ಟೆ. ಓದಿ ವಾಪಸ್ ಕೊಟ್ಟರು, ಒಂದೆರಡು ವಾರ ಮಾತಾಡಲಿಲ್ಲ. ಬಿಸಿಲಲ್ಲಿ ನನ್ನ ಜೊತೆ ಬೈಕಿನ ಹಿಂದೆ ಕೂತು ಬಾಟಲಿ ಹಿಡಿದು ಬಂದ ಲ್ಯಾಬ್ ಅಟೆಂಡರ್‌ಗೆ ಮಾತ್ರ ಪೇಪರ್ ಕೊನೆಯಲ್ಲಿ ಹೆಸರು ಹೇಳಿ ಕೃತಜ್ಞತೆ ಬರೆದೆ.

ಆಮೇಲೆ ಸಿಮಿಲಾರಿಟಿ ಚೆಕ್, ಅಂದರೆ ಬೇರೆ ಬರಹಗಳ ಜೊತೆ ಎಷ್ಟು ಹೊಂದುತ್ತದೆ ಅಂತ ನೋಡುವುದು. ಯುಜಿಸಿಯ 2018ರ ನಿಯಮದಲ್ಲಿ 10 ಪರ್ಸೆಂಟ್‌ವರೆಗೆ ತಕರಾರಿಲ್ಲ. ನನ್ನದು 23 ಬಂತು. ಎಲ್ಲಾ 'ವಿಧಾನ' ಭಾಗದಲ್ಲೇ. ಲ್ಯಾಬ್ ಕೈಪಿಡಿಯ ವಾಕ್ಯಗಳನ್ನು ಹಾಗೇ ಎತ್ತಿ ಹಾಕಿದ್ದೆ. ಗೆಳೆಯನೊಬ್ಬ ಒಂದು ಸಾಫ್ಟ್‌ವೇರ್ ಕೊಟ್ಟ, ಪದ ಬದಲಿಸಿ ಕೊಡುತ್ತದಂತೆ. ಹಾಕಿ ನೋಡಿದೆ. 'ಡ್ರಿಂಕಿಂಗ್ ವಾಟರ್' ಹೋಗಿ 'ಕುಡಿಯತಕ್ಕ ದ್ರವ' ಅನ್ನುವ ಅರ್ಥದ ಇಂಗ್ಲಿಷ್ ಬಂತು. ಮುಂಡರಗಿ ಬಾರ್ ಮುಂದಿನ ಬೋರ್ಡ್ ಥರ! ಇಂಥ ತಿರುಚಿದ ಪದಗಳನ್ನು ಹುಡುಕಿಯೇ ನಕಲಿ ಪೇಪರ್ ಹಿಡಿಯುವವರಿದ್ದಾರೆ. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಬದಲು 'ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್' ಅಂತ ಅಚ್ಚಾದ ಪೇಪರ್‌ಗಳನ್ನು 2021ರಲ್ಲಿ ಹೀಗೇ ಹೊರಗೆಳೆದರು. ಸಾಫ್ಟ್‌ವೇರ್ ಮುಚ್ಚಿದೆ. ಕೈಪಿಡಿಯನ್ನೂ ಮುಚ್ಚಿಟ್ಟು, ನಾನು ಲ್ಯಾಬಿನಲ್ಲಿ ಏನು ಮಾಡಿದೆನೋ ಅದನ್ನು ನನ್ನ ಮಾತಲ್ಲಿ ಬರೆದೆ. 7ಕ್ಕೆ ಇಳಿಯಿತು.

ಕಳಿಸಿದ ನಾಲ್ಕೇ ದಿನಕ್ಕೆ ವಾಪಸ್. ಪೇಪರ್ ಓದಿ ತೂಗುವ ರಿವ್ಯೂವರ್ ತನಕ ಹೋಗಿಯೇ ಇಲ್ಲ. 'ಲೇಖಕರಿಗೆ ಸೂಚನೆ' ಅನ್ನುವ ಮೂರು ಪುಟವನ್ನು ನಾನು ಮೇಲಿಂದ ಮೇಲೆ ನೋಡಿದ್ದೆ ಅಷ್ಟೇ. ಗ್ರಾಫುಗಳನ್ನು ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದ್ದೆ, ಅವರಿಗೆ 300 ಡಿಪಿಐನ ಸ್ಪಷ್ಟ ಚಿತ್ರ ಬೇಕಿತ್ತು. ಫ್ಲೋರೈಡಿನ ಅಳತೆ ಒಂದು ಕಡೆ ಪಿಪಿಎಂ, ಇನ್ನೊಂದು ಕಡೆ ಮಿ.ಗ್ರಾಂ/ಲೀ. ಎಕ್ಸೆಲ್ ಕೊಟ್ಟ 1.2173 ಅನ್ನುವ ಸಂಖ್ಯೆಯನ್ನು ಹಾಗೇ ಇಟ್ಟಿದ್ದೆ. ನಮ್ಮ ಉಪಕರಣಕ್ಕೆ ಎರಡನೇ ದಶಾಂಶವೇ ಜಾಸ್ತಿ, ನಾಲ್ಕನೆಯದು ಎಲ್ಲಿಂದ ಬರಬೇಕು? ಇನ್ನೊಂದು ತಪ್ಪು ನಗು ತರಿಸುವಂಥದ್ದು. ಅಲ್ಲಿ ರಿವ್ಯೂ ಮಾಡುವವರಿಗೆ ಲೇಖಕರು ಯಾರೆಂದು ಗೊತ್ತಾಗಬಾರದು. ಮೊದಲ ಪುಟದಿಂದ ಹೆಸರು ತೆಗೆದಿದ್ದೆ. ಫೈಲಿನ ಪ್ರಾಪರ್ಟೀಸ್ ತೆರೆದರೆ ಅಲ್ಲಿ ನನ್ನ ಪೂರ್ತಿ ಹೆಸರು, ಕಾಲೇಜಿನ ಹೆಸರು ಎರಡೂ ಇದ್ದವು.

ಎಲ್ಲಾ ಸರಿಮಾಡಿ ಮತ್ತೆ ಕಳಿಸಿದೆ. ಐದು ತಿಂಗಳು ಸುದ್ದಿ ಇಲ್ಲ. ಮೂರು ತಿಂಗಳಾದ ಮೇಲೆ ಒಂದು ಮೇಲ್ ಹಾಕಿದೆ, ಎರಡೇ ಸಾಲು, ಪೇಪರಿನ ನಂಬರ್ ಸಮೇತ. 'ರಿವ್ಯೂನಲ್ಲಿದೆ' ಅಂತ ಉತ್ತರ. ಈ ಹೊತ್ತಲ್ಲಿ ಇನ್ನೊಂದು ಜರ್ನಲ್‌ಗೂ ಹಾಕಿಬಿಡೋಣ ಅನ್ನಿಸುತ್ತದೆ. ಹಾಕಬಾರದು. ಒಂದು ಕಡೆಯಿಂದ ಲಿಖಿತವಾಗಿ ಹಿಂದೆ ತಗೊಳ್ಳದೆ ಇನ್ನೊಂದು ಕಡೆ ಕಳಿಸಿದರೆ, ಸಿಕ್ಕಿಬಿದ್ದಾಗ ಎರಡೂ ಹೋಗುತ್ತವೆ.

ಫೆಬ್ರುವರಿಯಲ್ಲಿ ಉತ್ತರ ಬಂತು. ಮೇಜರ್ ರಿವಿಷನ್, ಅಂದರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ ಅಂತ. ಮೊದಲನೇ ರಿವ್ಯೂವರ್‌ದು ಒಂಬತ್ತು ಪಾಯಿಂಟ್, ಹೆಚ್ಚಿನವು ಭಾಷೆಯವು. ಜೊತೆಗೆ ನಾಲ್ಕು ಪೇಪರ್ ಉಲ್ಲೇಖಿಸಿ ಅಂದಿದ್ದರು. ನಾಲ್ಕೂ ಒಬ್ಬರವೇ! ಎರಡನೇ ರಿವ್ಯೂವರ್ ಕೇಳಿದ್ದು ನಾಲ್ಕು ಸಾಲಿನ ಒಂದೇ ಪ್ರಶ್ನೆ. 'ನಿಮ್ಮ ಸ್ಟ್ಯಾಂಡರ್ಡ್ ಕರ್ವ್ 1.4ಕ್ಕೆ ಮುಗಿಯುತ್ತದೆ. ಟೇಬಲ್‌ನಲ್ಲಿ 2.4 ಇದೆ. ಈ ಸ್ಯಾಂಪಲ್‌ಗಳನ್ನು ತೆಳು ಮಾಡಿ ಅಳೆದಿರಾ?'

ಓದಿದ ಕೂಡಲೇ ಹೊಟ್ಟೆಯಲ್ಲಿ ಏನೋ ಆಯಿತು. ಯಾಕೆಂದರೆ ಮಾಡಿರಲಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬಳಸಿದ್ದು ಸ್ಪ್ಯಾಡ್ನ್ಸ್ ವಿಧಾನ. ಜಿರ್ಕೋನಿಯಂ ಸೇರಿಸಿದ ಕೆಂಪು ಬಣ್ಣದ ದ್ರಾವಣ ಅದು. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಎಳೆದುಕೊಳ್ಳುತ್ತದೆ, ಬಣ್ಣ ಕುಗ್ಗುತ್ತದೆ. ಎಷ್ಟು ಕುಗ್ಗಿತು ಅನ್ನುವುದನ್ನು 570 ನ್ಯಾನೋಮೀಟರ್‌ನಲ್ಲಿ ಅಳೆದರೆ ಫ್ಲೋರೈಡ್ ಎಷ್ಟು ಅಂತ ಗೊತ್ತಾಗುತ್ತದೆ. ಆದರೆ ಲೀಟರಿಗೆ 1.4 ಮಿಲಿಗ್ರಾಂವರೆಗೆ ಮಾತ್ರ ಅದು ನೇರ ಗೆರೆ (ಫ್ಲೋರೈಡ್ ಎಷ್ಟಿದೆ ಅಂತ ಗೊತ್ತಿರುವ ದ್ರಾವಣಗಳನ್ನು ಅಳೆದು ಹಾಕಿಕೊಳ್ಳುವ ಈ ಗೆರೆಯೇ ಸ್ಟ್ಯಾಂಡರ್ಡ್ ಕರ್ವ್). ಆಮೇಲೆ ಇರುವ ಬಣ್ಣವೇ ಮುಗಿಯುತ್ತಾ ಬರುತ್ತದೆ, ಕುಗ್ಗುವುದು ನಿಧಾನವಾಗುತ್ತದೆ. ನಾನು ಆ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದು 2.4 ಅಂತ ಓದಿದ್ದೆ. ಅಂದರೆ ನನ್ನ ಟೇಬಲ್‌ನಲ್ಲಿದ್ದ ದೊಡ್ಡ ಸಂಖ್ಯೆಗಳೆಲ್ಲಾ ನಿಜಕ್ಕಿಂತ ಚಿಕ್ಕವು. ಕುಡಿಯುವ ನೀರಿಗೆ ದೇಶದ ಮಾನಕ ಸಂಸ್ಥೆ ಬಿಐಎಸ್ ಹೇಳುವ ಮಿತಿ 1.0, ಬೇರೆ ನೀರೇ ಸಿಗದಿದ್ದರೆ 1.5. ಅದನ್ನು ದಾಟಿದ ಊರುಗಳ ನೀರನ್ನೇ, ಅಂದರೆ ಸರಿಯಾಗಿ ಅಳೆಯಲೇಬೇಕಾದ ನೀರನ್ನೇ, ನಾನು ಕಡಿಮೆ ಅಳೆದಿದ್ದೆ.

ಒಂದು ಕೆಟ್ಟ ಯೋಚನೆ ಬಂತು, ಸುಳ್ಳು ಹೇಳಲ್ಲ. 'ಹೌದು, ತೆಳು ಮಾಡಿ ಅಳೆದಿದ್ದೇವೆ, ಬರೆಯುವುದು ಬಿಟ್ಟುಹೋಗಿತ್ತು' ಅಂತ ಒಂದು ವಾಕ್ಯ ಸೇರಿಸಿದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಡಂಗೆ ಫೋನ್ ಹಚ್ಚಿದೆ. ಪ್ರಶ್ನೆ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ನಾನೂ ನೋಡಬೇಕಿತ್ತು" ಅಂದರು. ಅಷ್ಟು ಹೇಳಿದ ಮೇಲೆ ಸುಳ್ಳಿನ ಮಾತೇ ಬರಲಿಲ್ಲ.

ಹಳೆ ಸ್ಯಾಂಪಲ್‌ಗಳು ಉಳಿದಿರಲಿಲ್ಲ. ಉಳಿದಿದ್ದರೂ ಉಪಯೋಗ ಇರಲಿಲ್ಲ, ಫ್ಲೋರೈಡ್ ಸ್ಯಾಂಪಲ್ ಇಡಬಹುದಾದದ್ದು 28 ದಿನ. ರಿವಿಷನ್‌ಗೆ ಕೊಟ್ಟಿದ್ದು ಒಂದು ತಿಂಗಳು. ಸಂಪಾದಕರಿಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ಮೊದಲು ನೀರು ತಂದಿದ್ದು ಮೇ ತಿಂಗಳಲ್ಲಿ, ಹಾಗಾಗಿ ಮತ್ತೆ ಮೇನಲ್ಲೇ ತರಬೇಕು, ಜೂನ್ ಕೊನೆಯವರೆಗೆ ಸಮಯ ಕೊಡಿ ಅಂತ. ಒಂದೇ ದಿನದಲ್ಲಿ ಒಪ್ಪಿಗೆ ಬಂತು. ಸಮಯ ಕೇಳಿದರೆ ಪೇಪರ್ ತಿರಸ್ಕಾರ ಆಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಕೇಳದೆ ಗಡುವು ದಾಟಿದರೆ ಮಾತ್ರ ತೊಂದರೆ.

ಮೇ ತಿಂಗಳ ಬಿಸಿಲಲ್ಲಿ ಮತ್ತೆ ಬೈಕು, ಮತ್ತೆ ಪ್ಲಾಸ್ಟಿಕ್ ಬಾಟಲಿ. ಗಾಜಿನದು ನಡೆಯಲ್ಲ. ಹದಿನೈದು ಬೋರ್‌ಗಳು. ಒಂದು ಊರಲ್ಲಿ ಅಜ್ಜ ಒಬ್ಬರು ಕಟ್ಟೆ ಮೇಲಿಂದಲೇ ಕೂಗಿದರು: "ಮತ್ತ ಬಂದ್ರೇನ್ರಿ ಸರ? ನೀವು ನೀರು ಒಯ್ಯೂದರಾಗ ನಮ್ಮ ಬೋರ್ ಬತ್ತತೈತಿ. ನಮ್ಮ ಹುಡುಗರ ಹಲ್ಲು ಯಾವಾಗ ಬೆಳ್ಳಗ ಆಗ್ತಾವು?" ಏನು ಹೇಳಬೇಕು ತಿಳಿಯಲಿಲ್ಲ. ಹತ್ತು ನಿಮಿಷ ಮೋಟರ್ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಬಾಟಲಿ ತುಂಬಿಕೊಂಡೆ.

ಈ ಸಲ ಎರಡು ರೀತಿ ಅಳೆದೆ. ನೀರನ್ನು ಐದು ಪಟ್ಟು ತೆಳು ಮಾಡಿ ಸ್ಪ್ಯಾಡ್ನ್ಸ್‌ನಲ್ಲಿ ಒಮ್ಮೆ. ಧಾರವಾಡಕ್ಕೆ ಒಯ್ದು ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ಇನ್ನೊಮ್ಮೆ. ಅಳತೆ ಸರಿ ಇದೆಯಾ ಅಂತ ನೋಡಲು ಪ್ರತಿ ಹತ್ತಕ್ಕೆ ಒಂದು ಖಾಲಿ (ಫ್ಲೋರೈಡ್ ಇಲ್ಲದ ನೀರು), ಒಂದು ಜೋಡಿ (ಅದೇ ನೀರು ಎರಡು ಸಲ) ಸ್ಯಾಂಪಲ್. 2.4 ಅಂತ ಬರೆದಿದ್ದ ಆ ಬೋರ್ 3.1 ಬಂತು. ಎಲೆಕ್ಟ್ರೋಡ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ. ಅದು ಆ ಅಜ್ಜನ ಬೋರು.

ಉತ್ತರದ ಪತ್ರ ಬರೆಯಲು ನಾಲ್ಕು ದಿನ ಹಿಡಿಯಿತು. ಪೇಪರ್‌ಗಿಂತ ಇದಕ್ಕೇ ಹೆಚ್ಚು ತಲೆ ಓಡಿಸಿದೆ ಅಂದರೂ ತಪ್ಪಿಲ್ಲ. ರಿವ್ಯೂವರ್ ಮಾತನ್ನು ಹಾಗೇ ಇಟ್ಟು, ಕೆಳಗೆ ನನ್ನ ಉತ್ತರ, ಅದರ ಕೆಳಗೆ ಯಾವ ಪುಟದ ಯಾವ ಸಾಲು ಬದಲಾಯಿತು ಅಂತ. 'ಸರಿಪಡಿಸಲಾಗಿದೆ' ಅಂತ ಸುಮ್ನೆ ಬರೆದರೆ ಅವರು ಹುಡುಕುತ್ತಾ ಕೂರಬೇಕು. ಎರಡನೇ ರಿವ್ಯೂವರ್‌ಗೆ 'ನೀವು ಹೇಳಿದ್ದು ಸರಿ, ನಮ್ಮ ಹಳೆ ಸಂಖ್ಯೆಗಳು ತಪ್ಪು' ಅಂತಲೇ ಶುರು ಮಾಡಿದೆ. ಮೊದಲನೆಯವರು ಹೇಳಿದ ನಾಲ್ಕು ಪೇಪರ್‌ಗಳಲ್ಲಿ ಒಂದು ನಿಜಕ್ಕೂ ನಮ್ಮ ವಿಷಯದ್ದೇ, ಅದನ್ನು ಸೇರಿಸಿದೆ. ಉಳಿದ ಮೂರು ಯಾಕೆ ಸೇರಿಸಲಿಲ್ಲ ಅಂತ ಎರಡು ಸಾಲು ಬರೆದೆ. ಮೇಡಂ 'ವಿನಯ ಇರಲಿ, ದಮ್ಮಯ್ಯ ಅನ್ನೋದು ಬೇಡ' ಅಂತ ಮೂರು ಕಡೆ ಕ್ಷಮೆ ಕೇಳಿದ್ದನ್ನು ಹೊಡೆದುಹಾಕಿದರು.

ಆಗಸ್ಟ್‌ನಲ್ಲಿ ಪೇಪರ್ ಒಪ್ಪಿಕೊಂಡರು. ಪ್ರೂಫ್ (ಅಚ್ಚಿಗೆ ಮೊದಲಿನ ಕೊನೆಯ ಕರಡು) ನೋಡಲು 48 ಗಂಟೆ. ಹೆಸರು, ಊರು ನೋಡಿ ಕಳಿಸಿಬಿಡುತ್ತಿದ್ದೆ. ಸುಮ್ನೆ ಟೇಬಲ್ ಮೇಲೆ ಕಣ್ಣಾಡಿಸಿದೆ. ವಿದ್ಯುತ್ ವಾಹಕತೆಯ ಕಾಲಂನಲ್ಲಿ ಮೈಕ್ರೋ ಸೀಮೆನ್ಸ್ ಇರಬೇಕಾದ ಕಡೆ ಮಿಲಿ ಸೀಮೆನ್ಸ್ ಆಗಿತ್ತು. ಫಾಂಟ್ ಬದಲಾಗುವಾಗ ಮೈಕ್ರೋದ ಗ್ರೀಕ್ ಅಕ್ಷರ ಹೋಗಿ ಇಂಗ್ಲಿಷಿನ ಎಂ ಕೂತಿತ್ತು. ಸಾವಿರ ಪಟ್ಟು ವ್ಯತ್ಯಾಸ! ಆ ಲೆಕ್ಕದಲ್ಲಿ ಮುಂಡರಗಿಯ ಬೋರ್‌ಗಳಲ್ಲಿ ಸಮುದ್ರಕ್ಕಿಂತ ಉಪ್ಪು ನೀರು ಬರಬೇಕು.

ಅಚ್ಚಾದ ಮೇಲೆ ಪೇಪರ್ ಹಿಡಿದು ಆ ಊರಿಗೆ ಹೋದೆ. ಅದರಲ್ಲಿ ಬೋರ್‌ಗಳಿಗೆ ನಂಬರ್ ಮಾತ್ರ ಇದೆ. ಹಾಗಾಗಿ ಊರಿನವರಿಗೆ ಬೇರೆಯೇ ಒಂದು ಹಾಳೆ ಮಾಡಿಕೊಂಡಿದ್ದೆ. ಕನ್ನಡದಲ್ಲಿ, ಯಾರ ಬೋರು, ಎಷ್ಟು ಬಂತು, 1.5 ದಾಟಿದ್ದಕ್ಕೆ ಕೆಂಪು. ಅಜ್ಜ ಮೊಮ್ಮಗಳ ಕೈಲಿ ಓದಿಸಿದರು.

"ಹಂಗಾರ ನಮ್ಮ ಬೋರಿಂದು ಕುಡಿಬಾರದು. ಕೆಂಪು ಇಲ್ಲದ್ದು ಯಾವುದೈತಿ?"

"ಗುಡಿ ಹಿಂದಿನ ಬೋರ್ ರೀ ಅಜ್ಜಾರ. ಫ್ಲೋರೈಡ್ ಅದರಾಗ ಒಂದಕ್ಕಿಂತ ಕಡಿಮಿ ಐತಿ."

ಕ್ಯಾಲ್ಸಿಯಂ ಜಾಸ್ತಿ ಇರುವ ಬೋರು ಅದು. ನನ್ನ ಪೇಪರಿನ ಒಂದು ವಾಕ್ಯಕ್ಕೆ ಒಳ್ಳೆ ಸಾಕ್ಷಿ. ಅಜ್ಜ ನಕ್ಕರು.

"ಅದು ಸವುಳು ನೀರ್ರೀ ಸರ. ಬ್ಯಾಳಿ ಬೇಯಂಗಿಲ್ಲ. ದನಾನೂ ಮೂಸಿ ನೋಡಿ ಹಿಂದ ಸರಿತಾವು. ನಮ್ಮ ಬೋರಿಂದು ಸೀ ನೀರು ಅಂತ ಊರೆಲ್ಲಾ ಇಲ್ಲಿಗೇ ಬರತೈತಿ."

ವಾಪಸ್ ಬರುವಾಗ ಬೈಕು ನಿಲ್ಲಿಸಿ ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಯಾವ ಬೋರಿನ ನೀರನ್ನು ಎಷ್ಟು ಮನೆಯವರು ಕುಡಿಯುತ್ತಾರೆ ಅನ್ನುವ ಕಾಲಂ ನನ್ನ ಯಾವ ಟೇಬಲ್‌ನಲ್ಲೂ ಇರಲಿಲ್ಲ.