ಎಪ್ಪತ್ತು ಅರ್ಜಿ ದಂಡ, ಹನ್ನೊಂದು ಮೇಲ್‌ಗೆ ಪೋಸ್ಟ್‌ಡಾಕ್: ನನ್ನ ಅನುಭವ

ಫಿಸಿಕ್ಸ್ ಪಿಎಚ್‌ಡಿ ಆದಮೇಲಿನ ಸಂಶೋಧನಾ ಕೆಲಸ, ಅಂದರೆ ಪೋಸ್ಟ್‌ಡಾಕ್, ಹುಡುಕಿದ ಕಥೆ ಇದು. ಮೊದಲ ಸಲ ಎಲ್ಲರ ಹಾಗೆ ನಾನೂ ಅಕಾಡೆಮಿಕ್ ಜಾಬ್ಸ್ ಆನ್‌ಲೈನ್, ಇನ್‌ಸ್ಪೈರ್ ಅನ್ನೋ ವೆಬ್‌ಸೈಟ್‌ಗಳ ಕೆಲಸದ ಪಟ್ಟಿ ತೆರೆದು ಕಂಡದ್ದಕ್ಕೆಲ್ಲ ಅರ್ಜಿ ಹಾಕಿದೆ. ಸುಮಾರು ಎಪ್ಪತ್ತು ಇರಬೇಕು. ದುಡ್ಡೇನೂ ಕೊಡಬೇಕಿರಲಿಲ್ಲವಲ್ಲ, ಹಾಕ್ತಾ ಹೋದೆ. ಇಂಟರ್‌ವ್ಯೂಗೆ ಕರೆದವರು ಒಬ್ಬರೇ, ಅದೂ ಕೈಗೆ ಬರಲಿಲ್ಲ. ಆಮೇಲೆ ನೋಡಿದರೆ, ನನ್ನ ಮೂರು ರೆಫರೆನ್ಸ್ ಪತ್ರಗಳಲ್ಲಿ ಒಂದು ಹದಿನೈದಿಪ್ಪತ್ತು ಕಡೆ ತಲುಪೇ ಇರಲಿಲ್ಲ. ಪೋರ್ಟಲ್‌ನಲ್ಲಿ ಕಾಣುತ್ತಿತ್ತು, ನಾನು ತೆರೆದು ನೋಡಿರಲಿಲ್ಲ.

ಅಷ್ಟರಲ್ಲಿ ಐದು ವರ್ಷ ಮುಗಿದು ಎಸ್‌ಆರ್‌ಎಫ್ (ಪಿಎಚ್‌ಡಿ ಮಾಡುವವರ ಫೆಲೋಶಿಪ್) ನಿಂತಿತು. ತಿಂಗಳಿಗೆ 42,000 ಬರುತ್ತಿದ್ದದ್ದು ಸೊನ್ನೆ. ಪುಣೆಯ ಪಾಷಾಣ್‌ನಲ್ಲಿ ಒಂದು ರೂಮಿಗೆ ಒಂಬತ್ತು ಸಾವಿರ ಬಾಡಿಗೆ. ಸಂಜೆ ಜ್ಯಾಮ್ (ಎಂಎಸ್‌ಸಿ ಪ್ರವೇಶ) ಪರೀಕ್ಷೆಯ ಹುಡುಗರಿಗೆ ಪಾಠ ಮಾಡಿ ಎಂಟು ತಿಂಗಳು ತಳ್ಳಿದೆ.

ಎರಡನೇ ಸಲ ಪೋಸ್ಟ್‌ಡಾಕ್ ಕೊಡಬಲ್ಲ ಹನ್ನೊಂದೇ ಜನರನ್ನು ಆರಿಸಿಕೊಂಡೆ. ಒಬ್ಬೊಬ್ಬರದೂ ಒಂದು ಪೇಪರ್ ಹಿಡಿದು, ಲೆಕ್ಕವನ್ನು ಮೊದಲಿನಿಂದ ಮಾಡಿದೆ. ನನ್ನದು ಕ್ವಾಸಿನಾರ್ಮಲ್ ಮೋಡ್‌ಗಳ, ಅಂದರೆ ಕಪ್ಪುಕುಳಿ ಅಲುಗಿದಾಗ ಎದ್ದು ಅಡಗುವ ಕಂಪನಗಳ, ಕೆಲಸ. ಕೋಡ್‌ನಲ್ಲಿ ಶ್ವಾರ್ಜ್‌ಶಿಲ್ಡ್ (ತಿರುಗದ) ಕಪ್ಪುಕುಳಿಯ ಎಲ್ = 2ರ ಮೊದಲ ಮೋಡ್‌ಗೆ ಎಲ್ಲರಿಗೂ ಗೊತ್ತಿರುವ 0.3737 ಬಂದ ಮೇಲೇ ಮುಂದಕ್ಕೆ. ಆಮೇಲೆ ಅವರು ಬಿಟ್ಟ ಜಾಗದಿಂದ ಒಂದು ಹೆಜ್ಜೆ ಹಾಕಿ, ಎರಡು ಪುಟದ ನೋಟ್ ಬರೆದು ಕಳಿಸುತ್ತಿದ್ದೆ. ಒಂದೊಂದಕ್ಕೂ ಹತ್ತು ದಿನ ಹಿಡೀತು. "ಇಷ್ಟು ಹೊತ್ತಲ್ಲಿ ನಲವತ್ತು ಅರ್ಜಿ ಹಾಕಬಹುದಿತ್ತು, ಐಡಿಯಾನೂ ಹೋಗುತ್ತೆ" ಅಂತ ಸೀನಿಯರ್‌ಗಳು ಬೈದರು. ಯಾರೂ ಕದಿಯಲಿಲ್ಲ.

ಒಂದು ಪೇಪರಿನ ಅನುಬಂಧದಲ್ಲಿ 2ರ ಗುಣಕ ಬಿಟ್ಟು ಹೋಗಿತ್ತು. ನಾನು "ನಿಮ್ಮದು ತಪ್ಪು" ಅಂತ ಬರೆಯಲಿಲ್ಲ, "ನನಗೆ ಹೀಗೆ ಬರ್ತಿದೆ" ಅಂತ ನನ್ನ ನಾಲ್ಕು ಸಾಲು ಕೆಳಗೆ ಹಾಕಿದೆ. ಅದೇ ರಾತ್ರಿ ಉತ್ತರ ಬಂತು. ಮೇಲ್‌ನ ಸಬ್ಜೆಕ್ಟ್ ಲೈನ್ ಮಾತ್ರ ಇಲ್ಲಿ ಹೇಳಲ್ಲ, ಮುಂದಿನ ಸಲಕ್ಕೆ ನನಗೇ ಬೇಕು.

ನಡುವೆ ಪೇಪರ್‌ಗಳನ್ನು ಎಲ್ಲರೂ ಮೊದಲು ಹಾಕುವ ಆರ್‌ಕೈವ್ ವೆಬ್‌ಸೈಟ್‌ನಲ್ಲೂ ಒಂದು ಪ್ರಯೋಗ ಮಾಡಿದೆ. ಆ ದಿನದ ಪಟ್ಟಿಗೆ ಅಮೆರಿಕದ ಪೂರ್ವ ತೀರದಲ್ಲಿ ಮಧ್ಯಾಹ್ನ ಎರಡಕ್ಕೆ ಕಟ್‌ಆಫ್, ಚಳಿಗಾಲದಲ್ಲಿ ನಮಗೆ ರಾತ್ರಿ ಹನ್ನೆರಡೂವರೆ. ಅದು ದಾಟುವ ಕ್ಷಣಕ್ಕೇ ಕಾದು ಸಬ್‌ಮಿಟ್ ಮಾಡಿದ ಪೇಪರ್ ಮುಂದಿನ ಪಟ್ಟಿಯ ಮೇಲ್ಗಡೆ ಬಂತು, ಮೂರು ಮೇಲ್ ಬಂದವು. ಸುಮ್ನೆ ಹಗಲಲ್ಲಿ ಹಾಕಿದ್ದಕ್ಕೆ ಒಂದೂ ಇಲ್ಲ. ಪೇಪರ್‌ಗಳೇ ಬೇರೆ ಬೇರೆ, ಹಾಗಾಗಿ ಜಾಸ್ತಿ ನಂಬಬೇಡಿ.

ನನ್ನ ಕೆಲಸದ ಬಗ್ಗೆ ಟಾಕ್ ಕೊಡೋಕೆ ನಾನೇ ಕೇಳಿಕೊಂಡು ಹೋದೆ. ಬೆಳಿಗ್ಗೆ ಡೆಕ್ಕನ್ ಕ್ವೀನ್ ರೈಲು ಹಿಡಿದು ಮುಂಬೈ ಕೊಲಾಬಾದ ಟಿಐಎಫ್‌ಆರ್‌ಗೆ (ಟಾಟಾ ಮೂಲ ಸಂಶೋಧನಾ ಸಂಸ್ಥೆ). ಅಲ್ಲಿ ಪೋಸ್ಟ್‌ಡಾಕ್‌ಗೆ ವಿಸಿಟಿಂಗ್ ಫೆಲೋ ಅಂತಾರೆ, ಹುಡುಕುವಾಗ ಈ ಹೆಸರು ಹಾಕಿ. ಗೋವಾದ ಜುವಾರಿನಗರದ ಬಿಟ್ಸ್ ಪಿಲಾನಿ ಕ್ಯಾಂಪಸ್‌ಗೂ ಹೋಗಿ ಬಂದೆ. ವಾಪಸ್ ಬರುವಾಗ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಬೆಳಗಾವಿಗೆ ಇಳಿದು ಮನೆಯಲ್ಲಿ ಎರಡು ದಿನ ಇದ್ದೆ. ಎಲ್ಲ ಸೇರಿ ಹದಿನಾಲ್ಕು ಸಾವಿರದಷ್ಟು ಖರ್ಚು.

ಹನ್ನೊಂದು ಮೇಲ್, ಏಳು ಉತ್ತರ, ನಾಲ್ಕು ಟಾಕ್, ಎರಡು ಆಫರ್. ಪತ್ರ ಬರೆಯುವ ಮೂವರಿಗೂ ಈ ಸಲ ಜಾಗ, ಕೊನೆ ದಿನ, ಲಿಂಕ್ ಎಲ್ಲ ಇರುವ ಒಂದೇ ಶೀಟ್ ಕೊಟ್ಟಿದ್ದೆ. ಹತ್ತು ದಿನ ಮುಂಚೆ ಒಮ್ಮೆ, ಮೂರು ದಿನ ಮುಂಚೆ ಒಮ್ಮೆ ನೆನಪಿಸಿದೆ. ಒಂದು ಪತ್ರವೂ ತಪ್ಪಲಿಲ್ಲ.